ಬರ ನೋಡಲು ಬಂದವರಿಗೆ ತೋರಣ ಕಟ್ಟಿದೆವು

ನಾನು ಚಿಕ್ಕವಳಿದ್ದಾಗ ಒಂದು ಸಲ ನಮ್ಮೂರಿನವರೆಲ್ಲ ಸೇರಿ ಬರಗಾಲವನ್ನೇ ಗುಡಿಸಿ, ಸಾರಿಸಿ, ಮೇಲೆ ರಂಗೋಲಿ ಹಾಕಿ ಮುಚ್ಚಿಬಿಟ್ಟರು ಮಕ್ಕಳೇ. ಈಗ ನೆನೆದರೂ ಮೈ ಉರಿಯುತ್ತದೆ.

ನಮ್ಮೂರು ನಾಗಮಂಗಲದಿಂದ ಆಚೆ, ನಾಲೆಯ ನೀರು ಹತ್ತದ ಕಡೆ. ಆ ವರ್ಷ ಮುಂಗಾರೂ ಕೈಕೊಟ್ಟಿತು, ಹಿಂಗಾರೂ ಕೈಕೊಟ್ಟಿತು. ರಾಗಿ ಗೇಣುದ್ದ ಎದ್ದು ಹೊಲದಲ್ಲೇ ಸುಟ್ಟುಹೋಯಿತು. ಕೆರೆಯ ಅಂಗಳದಲ್ಲಿ ನನ್ನ ಪಾದ ಇಳಿಯುವಷ್ಟು ಅಗಲದ ಬಿರುಕು. ಮಧ್ಯಾಹ್ನ ಆ ಕಡೆಯಿಂದ ಗಾಳಿ ಬೀಸಿದರೆ ಕುಂಬಾರರ ಆವಿಗೆಯ ವಾಸನೆ ಬರುತ್ತಿತ್ತು. ಬಾವಿಯಲ್ಲಿ ಒಂದು ಕೊಡ ನೀರು ಊರುವ ತನಕ ಅವ್ವ, ಅಕ್ಕ ಸರದಿಯ ಮೇಲೆ ಕೂತು ಕಾಯುತ್ತಿದ್ದರು.

ನಮ್ಮ ಮನೆಯಲ್ಲಿ ಕೆಂಚಿ ಎಂಬ ಗಬ್ಬದ ಹಸುವಿತ್ತು. ಹುಲ್ಲಿನ ಮೆದೆ ಖಾಲಿಯಾಗಿ, ಅಪ್ಪ ದನದ ಕೊಟ್ಟಿಗೆಯ ಮೇಲೆ ಹೊದಿಸಿದ್ದ ಹಳೆಯ ಹುಲ್ಲನ್ನೇ ಕಿತ್ತು ಹಾಕುತ್ತಿದ್ದ. ಅದು ಹೊಗೆ ಹಿಡಿದು ಕಪ್ಪಾಗಿತ್ತು. ಕೆಂಚಿ ಮೂಸಿ ನೋಡಿ ನಮ್ಮ ಮುಖ ನೋಡುತ್ತಿತ್ತು.

ಅಷ್ಟರಲ್ಲಿ ಬರ ನೋಡಲು ನಾಳೆ ಸಾಹೇಬರು ಬರುತ್ತಾರೆಂದು ತಳವಾರ ಸಾರಿಹೋದ. ಅವರು ಬಂದು ನೋಡಿ ಬರವೆಂದು ಬರೆದರೆ ಊರ ಪಕ್ಕದಲ್ಲೇ ಸರ್ಕಾರದ ಹುಲ್ಲಿನ ಡಿಪೋ ತೆರೆಯುತ್ತದೆ, ಅರಕೆರೆ ಕಡೆಯ ಗದ್ದೆ ಬಯಲಿನಿಂದ ಲಾರಿಯಲ್ಲಿ ಭತ್ತದ ಹುಲ್ಲು ಬರುತ್ತದೆ. ಬರೆಯದಿದ್ದರೆ ಕೆಂಚಿಯನ್ನು ಮಾರಬೇಕು. ಇದು ನನಗೂ ಗೊತ್ತಿತ್ತು.

ಊರಿನ ಹಿರಿಯರು ಆಮೇಲೆ ಮಾಡಿದ್ದನ್ನು ಕೇಳಿ. ದೊಡ್ಡವರು ಊರಿಗೆ ಬರುವಾಗ ಬೀದಿ ಕೊಳಕಾಗಿದ್ದರೆ ಮಾನ ಹೋಗುತ್ತದಂತೆ! ಕಾದು ಕಾದು ತಂದ ನೀರಿಗೆ ಸಗಣಿ ಕದಡಿ ಮನೆ ಮನೆಯ ಮುಂದೆ ಸಾರಿಸಿದರು. ಗುಡಿಯ ಹಿಂದೆ ಹೇಗೋ ಹಸಿರಾಗಿ ಉಳಿದಿದ್ದ ಒಂದೇ ಮಾವಿನ ಮರದ ಸೊಪ್ಪು ಕೊಯ್ದು ತೋರಣ ಕಟ್ಟಿದರು. ಅಪ್ಪ ಕೆಂಚಿಯ ಮೈ ತೊಳೆದು, ಎಲುಬು ಕಾಣದಿರಲೆಂದು ಬೆನ್ನ ಮೇಲೆ ಹಬ್ಬದ ಜೂಲು ಹೊದಿಸಿದ.

ಅಕ್ಕನಿಗೆ ತಡೆಯಲಾಗಲಿಲ್ಲ. “ಬರ ನೋಡಕ್ ಬರೋರ್ಗೆ ಬರಾನೇ ತೋರುಸ್ಬೇಕಲ್ವಾ ಅಪ್ಪ? ಇದೇನು ಬೀಗ್ರು ಬತ್ತಾವ್ರಾ?” ಎಂದಳು.

“ಸುಮ್ಕಿರಮ್ಮಿ. ಮನೆ ಬಾಗ್ಲಿಗ್ ಬಂದೋರ್ಗೆ ಇಂಗೇ ಒಣಮೊಕ ತೋರ್ಸಕಾಯ್ತದಾ?” ಎಂದ ಅಪ್ಪ.

ಜೀಪು ಬಂತು. ಸಾಹೇಬರು ಇಳಿದರು. ಗರಿ ಬಾಡಿದ್ದ ತೆಂಗಿನ ಮರಗಳಿಂದ ಹುಡುಕಿ ಇಳಿಸಿದ್ದ ಎಳನೀರನ್ನು ಕೊಟ್ಟೆವು. ಅವರು ಗಟಗಟ ಕುಡಿದು, ಕರವಸ್ತ್ರದಿಂದ ಬಾಯಿ ಒರೆಸಿಕೊಂಡು, ತೋರಣದ ಕಡೆ ನೋಡಿ ನಕ್ಕರು. “ಬರ ಅಂದ್ರಿ, ಊರು ಹಬ್ಬದ ಥರ ಇದೆಯಲ್ರೀ!”

ಅವ್ವ ಎಂದೂ ಪರಸ್ಥಳದ ಗಂಡಸರ ಮುಂದೆ ಬಾಯಿ ಬಿಟ್ಟವಳಲ್ಲ. ಅವತ್ತು ಬಾಗಿಲು ದಾಟಿ ಬಂದು, “ಸ್ವಾಮಿ, ಕೆರೆ ತಾವ ಒಸಿ ಬನ್ನಿ. ಇಲ್ಲೇ, ಏರಿ ಹತ್ತುದ್ರೆ ಕಾಣ್ತದೆ” ಎಂದಳು. ಸಾಹೇಬರು ಗಡಿಯಾರ ನೋಡಿದರು. ಬಿಸಿಲು ಬಹಳ ಏರಿದೆ, ಪಾಂಡವಪುರದ ಕಡೆಗೂ ಹೋಗಬೇಕು ಎಂದರು. ಜೀಪಿನ ಧೂಳು ನಮ್ಮ ರಂಗೋಲಿಯ ಮೇಲೆ ಕೂತಿತು.

ನಮ್ಮೂರಿಗೆ ಡಿಪೋ ಬರಲಿಲ್ಲ. ಎರಡು ಊರಿನಾಚೆ ತೆರೆದರು. ಅಲ್ಲಿಯವರು ಸತ್ತ ಎಮ್ಮೆಯನ್ನು ದಾರಿಯಲ್ಲೇ ಬಿಟ್ಟಿದ್ದರಂತೆ, ಜೀಪು ನಿಲ್ಲಲೇಬೇಕಾಯಿತಂತೆ. ಅಪ್ಪ ಅಲ್ಲಿಗೆ ಹೋಗಿ ಕೈಮುಗಿದು ಕೇಳಿದ. ನಿಮ್ಮೂರಲ್ಲಿ ಬರವಿಲ್ಲ ಎಂದು ಕಳಿಸಿಬಿಟ್ಟರು. ಮುಂದಿನ ಸಂತೆಗೆ ಕೆಂಚಿಯನ್ನು ಕೆ.ಆರ್. ಪೇಟೆಗೆ ಹೊಡೆದುಕೊಂಡು ಹೊರಟ. ಅದು ಅಂಗಳ ಬಿಟ್ಟು ಕದಲಲಿಲ್ಲ. ಅವ್ವ ಒಳಗೆ ಹೋಗಿ ತನ್ನ ಹುಲ್ಲಿನ ದಿಂಬು ಬಿಚ್ಚಿ ಒಂದು ಹಿಡಿ ತಂದು ಅಪ್ಪನ ಕೈಗೆ ಕೊಟ್ಟಳು. ಆ ಹಿಡಿ ಹುಲ್ಲಿನ ಹಿಂದೆ ಕೆಂಚಿ ಹೋಗಿಬಿಟ್ಟಿತು. ಗಬ್ಬದ ಹಸು, ಮಕ್ಕಳೇ.

ಅಪ್ಪನ ಮೇಲೆ ನನಗೆ ಬಹಳ ದಿನ ಸಿಟ್ಟಿತ್ತು. ಈಗ ಆ ಸಿಟ್ಟೆಲ್ಲ ಆ ಸಾಹೇಬರ ಮೇಲೆಯೇ. ಬಡವರು ಮರ್ಯಾದೆಗೆ ಹೆದರಿ ತೋರಣ ಕಟ್ಟುತ್ತಾರೆ, ಅದು ಓದಿದವರಿಗೆ ತಿಳಿಯಬಾರದೇ? ಏರಿ ಹತ್ತಲಾರದ ಕಾಲು ಇಟ್ಟುಕೊಂಡು ಬರ ನೋಡಲು ಯಾಕೆ ಬರಬೇಕು?

ನೀವು ಗಂಜಾಮಿನಲ್ಲಿ ಹುಟ್ಟಿದವರು. ನಾಲ್ಕು ಹೆಜ್ಜೆ ಹೋದರೆ ಕಾವೇರಿ, ಹಾಲು ಪ್ಯಾಕೆಟ್ಟಿನಲ್ಲಿ ಬರುತ್ತದೆ. ಮಳೆ ಎಲ್ಲಿ ಎಷ್ಟು ಬಿತ್ತೆಂದು ಈಗ ಕೂತಲ್ಲೇ ತಿಳಿಯುತ್ತದೆ. ಮೊನ್ನೆ ನೀವೇ ಫೋನಿನಲ್ಲಿ ನಕ್ಷೆ ತೋರಿಸಿ, “ಅಜ್ಜಿ, ಬರದ ತಾಲ್ಲೂಕಿಗೆಲ್ಲ ಕೆಂಪು ಬಣ್ಣ ಹಾಕವ್ರೆ, ನಿಮ್ಮೂರೂ ಕೆಂಪಗದೆ” ಅಂದಿರಿ. ಹಾಗಾದರೆ ಹುಲ್ಲು ಬಂತೇ ಎಂದು ಕೇಳಿದೆ. ಅದು ಫೋನಿನಲ್ಲಿ ಇರಲಿಲ್ಲ. ಊರಿನಲ್ಲಿರುವ ನನ್ನ ತಮ್ಮನಿಗೇ ಫೋನು ಹಚ್ಚಿಸಿದೆ.

“ಇನ್ನೂ ಇಲ್ಲ ಕಣಕ್ಕ. ನಾಳೀಕೆ ನೋಡಕ್ ಬತ್ತಾರಂತೆ. ಎಲ್ರೂ ಬೀದಿ ಗುಡಿಸ್ತಾವ್ರೆ” ಎಂದ.

“ಪೊರಕೆ ಬಿಸಾಕ್ಲಾ!” ಎಂದು ನಾನು ಅರಚಿದ್ದು ಅದಕ್ಕೇ. ನಿಮ್ಮನ್ನು ಬೈದೆನೆಂದು ನೀವಿಬ್ಬರೂ ಎದ್ದು ಓಡಿದಿರಿ.