ಅತ್ತಿಗೆಯ ಮೆಗಾ ಬ್ಲಾಕ್ ಭಾನುವಾರಗಳು

ಅಮ್ಮನ ಕಬ್ಬಿಣದ ಕಪಾಟಿನೊಳಗೆ ಸೊಂಟದವರೆಗೆ ತೂರಿಕೊಂಡು, ಮೊಣಕಾಲೂರಿ, ಹೊರಗೆ ಎರಡು ಕಾಲುಗಳನ್ನೂ ಜಡೆಯ ತುದಿಯನ್ನೂ ಮಾತ್ರ ಬಿಟ್ಟು ಹಾಡುತ್ತಿದ್ದಳು ನನ್ನ ಅಣ್ಣನ ಹೆಂಡತಿ. ಒಳಗೆ ಮೈಕು, ಸುತ್ತ ಅಮ್ಮನ ರೇಷ್ಮೆ ಸೀರೆಗಳು. ರೆಕಾರ್ಡ್ ಮಾಡುವಾಗ ದನಿ ಗೋಡೆಗೆ ಬಡಿದು ವಾಪಸ್ ಬರಬಾರದಂತೆ, ಸೀರೆಗಳು ಅದನ್ನು ಹೀರಿಕೊಳ್ಳುತ್ತವಂತೆ. ನುಸಿಗುಳಿಗೆಯ ವಾಸನೆಗೆ ನಡುನಡುವೆ ಸೀನು ಬೇರೆ.

ನಮ್ಮದು ಮುಂಬೈ ಪಕ್ಕದ ಡೊಂಬಿವಲಿಯಲ್ಲಿ ನೆಲೆನಿಂತ ಉಡುಪಿ ಕಡೆಯ ಕುಟುಂಬ, ಮನೆಮಾತು ತುಳು. ಅತ್ತಿಗೆ ಧಾರವಾಡದಿಂದ ಬಂದವಳು. ವಾರವಿಡೀ ವಾಶಿಯಲ್ಲಿ ಆಫೀಸು, ಸಂಜೆ ಮದುವೆಗಳ ಆರ್ಕೆಸ್ಟ್ರಾದಲ್ಲಿ ಹಳೇ ಸಿನಿಮಾ ಹಾಡು. ಇಲ್ಲೇ ಹುಟ್ಟಿದ ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಹಿಂದಿಯಲ್ಲಿ ಉತ್ತರಿಸುತ್ತಿದ್ದೆ. "ಕನ್ನಡದಾಗ ಕೇಳೀನಿ, ಕನ್ನಡದಾಗ ಹೇಳವಾ," ಎಂದು ಕಿವಿ ಹಿಂಡಿ ನನ್ನ ನಾಲಿಗೆ ತಿರುಗಿಸಿದ್ದು ಅವಳೇ.

ಒಂದು ಮಳೆಗಾಲ ಆರ್ಕೆಸ್ಟ್ರಾ ಬಿಟ್ಟು ತನ್ನದೇ ಆಲ್ಬಮ್ ಮಾಡಲು ಕೂತಳು. ಪಾಪ್ ಸಂಗೀತವೇ, ಆದರೆ ವಿಚಿತ್ರ! ಒಂದೇ ಸಾಲನ್ನು ಹತ್ತಾರು ಬಗೆಯಲ್ಲಿ ಹಾಡಿ ಒಂದರ ಮೇಲೊಂದು ಹೇರುವುದು, ತಾಳಕ್ಕೆ ಅಕ್ಕಿ ಡಬ್ಬಿ ಬಡಿಯುವುದು. ಕನ್ನಡ ಸಂಘದ ರಾಜ್ಯೋತ್ಸವದಲ್ಲಿ ಬಿಡುಗಡೆ ಎಂದು ನಿಶ್ಚಯವಾಗಿತ್ತು. ಜನ ಒಪ್ಪಿದರೆ ಸರಿ, ಇಲ್ಲವಾದರೆ ಮದುವೆ ಸೀಸನ್ನಿಗೆ ಮತ್ತೆ ಆರ್ಕೆಸ್ಟ್ರಾ, ಮತ್ತೆ ಅದೇ ಹಳೇ ಹಾಡು. ಈ ಷರತ್ತನ್ನು ಅವಳೇ ತನಗೆ ಹಾಕಿಕೊಂಡಿದ್ದಳು.

ಅವಳಿಗೆ ಬಿಡುವಿದ್ದದ್ದು ಭಾನುವಾರ. ಭಾನುವಾರವೋ, ನಮ್ಮ ಮನೆ ಥೇಟ್ ಹೋಟೆಲು. ಅಮ್ಮನ ನೀರುದೋಸೆ, ಕೋಳಿ ಸಾರಿಗೆ ಕಲ್ಯಾಣ, ಉಲ್ಹಾಸನಗರ, ಠಾಣೆಯ ನೆಂಟರೆಲ್ಲ ಹಾಜರ್. ಯಾರಿಗಾದರೂ ಬರಬೇಡಿ ಎನ್ನುವುದು ಅಮ್ಮನ ಜಾಯಮಾನದಲ್ಲೇ ಇಲ್ಲ. ಹಾಗಾಗಿ ಅತ್ತಿಗೆಗೆ ಉಳಿದ ಒಂದೇ ದಾರಿ ಮೆಗಾ ಬ್ಲಾಕ್. ಹಳಿ ರಿಪೇರಿಗೆಂದು ಭಾನುವಾರ ಲೋಕಲ್ ನಿಂತರೆ ಊರೆಲ್ಲ ಶಾಪ ಹಾಕುತ್ತಿತ್ತು, ಇವಳು ಕುಣಿಯುತ್ತಿದ್ದಳು. ರೈಲಿಲ್ಲ ಅಂದರೆ ನೆಂಟರಿಲ್ಲ! ಶನಿವಾರ ಪೇಪರ್ ಬಂದ ಕೂಡಲೇ, "ನೋಡ ಹುಡುಗಿ, ಎಲ್ಲಿಂದ ಎಲ್ಲೀತನಾ ಐತಿ?" ಎಂಬ ಪ್ರಶ್ನೆ. ನಮ್ಮ ಸ್ಟೇಷನ್ ನಡುವೆ ಬರುವಂತೆ ಠಾಣೆಯಿಂದ ಕಲ್ಯಾಣ ಎಂದು ಓದಿದರೆ ನನ್ನ ಕೆನ್ನೆಗೊಂದು ಮುತ್ತು.

ಒಂದೇ ಹಾಡು ಬಾಕಿಯಿದ್ದಾಗ ದೀಪಾವಳಿ ಬಂತು. ಹಬ್ಬವೆಂದು ಬ್ಲಾಕ್ ಇಲ್ಲ, ನೆಂಟರು ಮಾತ್ರ ದುಪ್ಪಟ್ಟು. ಸಂಘದ ಕಾರ್ಯಕ್ರಮಕ್ಕೆ ಮೊದಲು ಉಳಿದದ್ದು ಒಂದೇ ಭಾನುವಾರ. "ಇರ್ಲಿ ಬಿಡ್ರೀ ಅತ್ತೀ, ಒಂದು ಹಾಡು ಕಮ್ಮಿ ಆದ್ರ ಏನಾತು," ಎಂದು ಅತ್ತಿಗೆ ನಕ್ಕಳು. ಆ ನಗು ನೋಡಲಾಗದೆ ನಾನು ಬಾಲ್ಕನಿಗೆ ಹೋದೆ. ಎಲ್ಲಕ್ಕಿಂತ ಅವಳಿಗೆ ಪ್ರೀತಿಯ ಹಾಡು ಅದು.

ಆ ಶನಿವಾರ ಸಂಜೆ ಅಮ್ಮ ಫೋನ್ ಹಿಡಿದು ಕೂತಳು. ಉಲ್ಹಾಸನಗರದ ಸೋದರಮಾವನಿಂದ ಶುರುಮಾಡಿ ಎಲ್ಲರಿಗೂ ತುಳುವಿನಲ್ಲಿ ಒಂದೇ ಮಾತು: ನಾಳೆ ಮೆಗಾ ಬ್ಲಾಕ್ ಉಂಟು, ಬರಬೇಡಿ. ನಾನು ಪೇಪರನ್ನೆಲ್ಲ ತಿರುವಿಹಾಕಿದೆ. ಎಲ್ಲೂ ಇಲ್ಲ! ನನ್ನ ಮುಖ ನೋಡಿ ಅಮ್ಮ, "ನೀನು ಸುಮ್ಮನೆ ಕೂತ್ಕೋ," ಎಂದಳು. ಮರುದಿನ ಮಿಕ್ಸರ್ ಹಾಕದೆ, ಕುಕ್ಕರ್ ಇಡದೆ, ಬರೀ ಗಂಜಿ ಉಪ್ಪಿನಕಾಯಿಯಲ್ಲಿ ಊಟ ಮುಗಿಸಿದೆವು. ಹಾಡೂ ಮುಗಿಯಿತು.

ಸಂಘದ ಸಭಾಂಗಣದಲ್ಲಿ ಅತ್ತಿಗೆ ಲ್ಯಾಪ್‌ಟಾಪ್ ಇಟ್ಟುಕೊಂಡು ಹಾಡಿದಳು. ಚಪ್ಪಾಳೆ ಅಲ್ಲೊಂದು ಇಲ್ಲೊಂದು. ಮುಂದಿನ ಸಾಲಿನ ಹಿರಿಯರೊಬ್ಬರು, "ಹಾಡು ಯಾವಾಗ ಶುರು ಆಗುವುದಮ್ಮ?" ಎಂದು ಪಾಪ, ನಿಜವಾಗಿಯೇ ಕೇಳಿದರು.

"ಮುಗದೇ ಹೋತಲ್ರೀ!" ಎಂದಳು ಅತ್ತಿಗೆ. ಸಭೆಯೆಲ್ಲ ಗೊಳ್ಳೆಂದಿತು, ಅವಳೂ ನಕ್ಕಳು. ಹಿಂದಿನ ಸಾಲಿನ ನಾಲ್ಕು ಹುಡುಗಿಯರು ಮಾತ್ರ ಮೊಬೈಲ್ ಹಿಡಿದು ಓಡಿಬಂದು, "ದೀದಿ, ಲಿಂಕ್ ಭೇಜೋ ನಾ," ಎಂದು ಹಾಡಿನ ಲಿಂಕ್ ಕಳಿಸಲು ಮುತ್ತಿಕೊಂಡರು. ವಾಪಸ್ ಬರುವಾಗ ಲೋಕಲ್‌ನಲ್ಲಿ ಅವಳ ನಗು ಇಳಿದುಹೋಗಿತ್ತು. "ನಾಕ ಹುಡುಗ್ಯಾರ ಸಲುವಾಗಿ ಎಷ್ಟು ದಿನಾಂತ ಮಾಡ್ಲಿ? ಆರ್ಕೆಸ್ಟ್ರಾಕ್ಕ ಫೋನ್ ಹಚ್ಚತೀನಿ," ಎಂದಳು. ಅಮ್ಮ ಕಿಟಕಿಯಾಚೆ ನೋಡುತ್ತ ಕೂತಿದ್ದಳು.

ಮುಂದಿನ ಭಾನುವಾರ ಮನೆ ತುಂಬ ಜನ. ಊಟದ ನಡುವೆ ಸೋದರಮಾವ ಕೆದಕಿದ, "ಅಲ್ಲ ಅಕ್ಕ, ಆವತ್ತು ರೈಲು ಇತ್ತಲ್ಲ? ಸುಳ್ಳು ಯಾಕೆ ಹೇಳಿದ್ದು?" ಮಾವ ಕೇಳಿದ್ದು ತುಳುವಿನಲ್ಲಿ. ಅತ್ತಿಗೆಗೂ ತಿಳಿಯಲೆಂದು ಅಮ್ಮ ಕನ್ನಡದಲ್ಲಿ ಉತ್ತರಿಸಿದಳು:

"ಸುಳ್ಳು ಎಂತದು ಮಾರಾಯ? ಬ್ಲಾಕ್ ಇದ್ದದ್ದು ನಮ್ಮ ಮನೆಗೆ. ಇನ್ನು ತಿಂಗಳಿಗೊಂದು ಭಾನುವಾರ ಇರ್ತದೆ, ಈಗಲೇ ಹೇಳಿದ್ದೇನೆ. ನನ್ನ ಸೊಸೆಗೆ ಹಾಡ್ಲಿಕ್ಕುಂಟು."

ಸಟ್ಟುಗ ಹಿಡಿದು ನಿಂತಿದ್ದ ಅತ್ತಿಗೆ ಅಳು ತಡೆಯಲಾಗದೆ ಒಳಗೆ ಓಡಿದಳು. ಕಾವಲಿಯ ಮೇಲಿದ್ದ ದೋಸೆ ಸೀದು ಕರಕಲಾಯಿತು. ಆರ್ಕೆಸ್ಟ್ರಾಕ್ಕೆ ಫೋನ್ ಹೋಗಲಿಲ್ಲ. ಈಗ ಮೂರನೆಯ ಆಲ್ಬಮ್ ನಡೆಯುತ್ತಿದೆ. ಕೇಳುವವರು ಇವತ್ತಿಗೂ ಕೆಲವರೇ, ಆದರೆ ಕೇಳಿದವರು ಬಿಡುವುದಿಲ್ಲ.

ನಾನು ಮದುವೆಯಾಗಿ ಠಾಣೆಯ ವರ್ತಕ ನಗರಕ್ಕೆ ಬಂದ ಹೊಸತರಲ್ಲೇ ಅತ್ತೆಯ ಮುಂದೆ ನಿಂತು, ತಿಂಗಳಿಗೊಂದು ಭಾನುವಾರ ಬಾಗಿಲು ಹಾಕಿಕೊಂಡು ಬರೆಯಬೇಕು ಎಂದು ಕೇಳಿದೆ. ಕೇಳಬಹುದು ಎಂದು ನನಗೆ ಗೊತ್ತಾದದ್ದು ಅತ್ತಿಗೆಯಿಂದ. ಬರೆಯುವ ಈ ಕನ್ನಡವೂ ಅವಳದೇ. ಹೊರಗೆ ಯಾರೋ ನೆಂಟರು ಬಂದಂತಿದೆ. "ಅವಳು ಬರೀತಿದ್ದಾಳೆ, ಮೆಲ್ಲಗೆ ಮಾತಾಡಿ," ಎಂದು ಅತ್ತೆ ಅವರಿಗೆ ಹೇಳುತ್ತಿರುವುದು ಕೇಳಿಸುತ್ತಿದೆ.