ಪ್ರತಿಮಾ ಆಡದ ಮಾತು

ಪ್ರತಿಮಾ, ಲೀಲಾ ಟೀಚರ್ ಸೈಕಲ್ಲಿನಿಂದ ಬಿದ್ದ ವಿಷಯವನ್ನು ಅವರ ಮಗನಿಗೆ ಹೇಳಿದ್ದು ನಾನು. ಹೇಳಿದ್ದು ನೀನೆಂದು ಅವರು ನಂಬುವಂತೆ ಮಾಡಿದ್ದೂ ನಾನೇ. ಆರು ವರ್ಷವಾಯಿತು. ಟೀಚರ್ ನಿನ್ನೊಡನೆ ಮಾತು ಬಿಟ್ಟದ್ದು ಯಾಕೆಂದು ನಿನಗೆ ಇವತ್ತಿಗೂ ಗೊತ್ತಿಲ್ಲ. ನನಗೆ ಗೊತ್ತಿತ್ತು — ನೀನು ನನ್ನೆದುರೇ ಕೂತು ಅತ್ತ ದಿನವೂ ಗೊತ್ತಿತ್ತು.

ಮೊದಲಿನಿಂದಲೇ ಹೇಳುತ್ತೇನೆ. ನೀನು ನನ್ನ ಹೊಲಿಗೆ ಅಂಗಡಿಯ ಎದುರಿನ ಮೆಡಿಕಲ್ಲಿಗೆ ಕೆಲಸಕ್ಕೆ ಬರುವ ಮೊದಲೇ ನಾನೂ ಲೀಲಕ್ಕನೂ ಸೈಕಲ್ ಕಲಿತಿದ್ದೆವು. ಅವರು ಶಾಲೆಯಿಂದ ನಿವೃತ್ತರಾದ ವರ್ಷ ಅದು. ರವಿಕೆಗೆ ಅಳತೆ ಕೊಡಲು ಬಂದವರು, ಮೊಮ್ಮಗಳು ಬಿಟ್ಟ ಸೈಕಲ್ ಒಂದು ಮನೆಯಲ್ಲಿ ಸುಮ್ಮನೆ ಉಂಟು, ನಾವಿಬ್ಬರೂ ಕಲಿಯುವನಾ ಸುಜಾತಾ ಎಂದು ಕೇಳಿದರು. ಅವರಿಗೆ ಐವತ್ತಾರು, ನನಗೆ ನಲವತ್ತನಾಲ್ಕು. ನಾನು ನಗಾಡಿದೆ. ಮುಂದಿನ ಭಾನುವಾರ ಬೆಳಿಗ್ಗೆ ಇಬ್ಬರೂ ಚೂಡಿದಾರ್ ಹಾಕಿಕೊಂಡು ಶಾಲೆಯ ಮೈದಾನದಲ್ಲಿದ್ದೆವು.

ಹದಿನಾರನೇ ವಯಸ್ಸಿನಿಂದ ಹೊಲಿಗೆ ಯಂತ್ರ ತುಳಿದವಳು ನಾನು. ಅಷ್ಟೇ ತುಳಿದರೆ ಕೂತ ಜಾಗದಿಂದ ಮುಂದೆಯೂ ಹೋಗಬಹುದೆಂದು ನನಗೆ ತಿಳಿದದ್ದು ಆ ಮೈದಾನದಲ್ಲಿ. ಆರು ತಿಂಗಳಲ್ಲಿ ನಾನೂ ಒಂದು ಹಳೆಯ ಸೈಕಲ್ ತೆಗೆದುಕೊಂಡೆ. ಭಾನುವಾರವೆಂದರೆ ನೀರ್ಚಾಲಿನವರೆಗೆ ಹೋಗುವುದು, ಹೋಟೆಲಿನಲ್ಲಿ ಗೋಳಿಬಜೆ ತಿಂದು ಚಹಾ ಕುಡಿಯುವುದು, ಬಿಸಿಲೇರುವ ಮೊದಲು ವಾಪಸು. ಬಸ್ಸಿನವರು ನಮ್ಮನ್ನು ಕಂಡರೆ ಬೇಕೆಂದೇ ಹಾರ್ನ್ ಹಾಕುತ್ತಿದ್ದರು. ಲೀಲಕ್ಕ ಒಂದು ಕೈ ಬಿಟ್ಟು ಅವರಿಗೆ ಟಾಟಾ ಮಾಡುತ್ತಿದ್ದರು — ನನಗೆ ಕೈ ಬಿಡುವ ಧೈರ್ಯ ಯಾವತ್ತೂ ಬರಲಿಲ್ಲ. ಒಂದು ದಿನ ಎಡನೀರಿನವರೆಗೆ ಹೋಗಬೇಕು, ಮೊದಲ ಸಲ ನಾವಿಬ್ಬರೇ ಹೋಗಬೇಕು ಎಂದು ಅವರೇ ಹೇಳಿದ್ದರು. ನಾನು ಆ ಮಾತನ್ನು ಹಿಡಿದುಕೊಂಡಿದ್ದೆ.

ಆಮೇಲೆ ನೀನು ಬಂದೆ. ಇಪ್ಪತ್ತಮೂರು ವರ್ಷ, ಅಣ್ಣ ಕೊಡಿಸಿದ ಗೇರ್ ಸೈಕಲ್, ಬಾಯಿ ತುಂಬ ನಗು. ಎರಡೇ ವಾರದಲ್ಲಿ ನಮ್ಮ ಜತೆ ಸೇರಿಕೊಂಡೆ. ನಿನ್ನ ಮೊಬೈಲಿನಲ್ಲಿ ಲೂಡೋ ಆಡಲು ಲೀಲಕ್ಕನಿಗೆ ಕಲಿಸಿದೆ. ಅಂಗಡಿಯಲ್ಲಿ ಗಿರಾಕಿಗಳಿಲ್ಲದಾಗ ನೀನು ಕೌಂಟರಿನಲ್ಲಿ, ಅವರು ಮನೆಯಲ್ಲಿ — ಆಟ ನಡೆಯುತ್ತಲೇ ಇರುತ್ತಿತ್ತು. ಭಾನುವಾರ ನನಗೆ ಅರ್ಥವಾಗದ ಯಾವುದೋ ಸೋಲುಗೆಲುವಿನ ಬಗ್ಗೆ ಇಬ್ಬರೂ ನಗುತ್ತ ಮುಂದೆ ಹೋಗುತ್ತಿದ್ದಿರಿ. ನಾನು ಹಿಂದೆ.

ಲೀಲಕ್ಕ ಬಿದ್ದ ದಿನ ನಾನೊಬ್ಬಳೇ ಜತೆಗಿದ್ದೆ. ಇಳಿಜಾರಿನಲ್ಲಿ ಕಣ್ಣು ಕತ್ತಲೆ ಬಂದು ಚರಂಡಿಯ ಬದಿಗೆ ಉರುಳಿದರು. ಮೊಣಕೈ ತರಚಿತ್ತು. ನಿನ್ನ ಮೆಡಿಕಲ್ಲಿಗೆ ಕರೆದುಕೊಂಡು ಬಂದೆ, ನೀನು ಗಾಯ ತೊಳೆದು ಮದ್ದು ಹಾಕಿದೆ. ಅವತ್ತು ಅವರು ನಮ್ಮಿಬ್ಬರ ಕೈ ಹಿಡಿದು ಕೇಳಿಕೊಂಡದ್ದು ನಿನಗೆ ನೆನಪಿರಬಹುದು. ಮಗ ಹರೀಶನಿಗೆ ಗೊತ್ತಾದರೆ ಸೈಕಲ್ ಮುಟ್ಟಲು ಬಿಡುವುದಿಲ್ಲ, ಯಾರೂ ಹೇಳಬೇಡಿ ಎಂದರು. ಇಬ್ಬರೂ ಒಪ್ಪಿದೆವು. ನೀನು ಆ ಮಾತು ಉಳಿಸಿಕೊಂಡೆ.

ನಾಲ್ಕು ತಿಂಗಳು ನಾನೂ ಉಳಿಸಿಕೊಂಡೆ.

ಆಮೇಲೆ ಒಂದು ಭಾನುವಾರ ಲೀಲಕ್ಕ ತಮಗೆ ಮನೆಯಲ್ಲಿ ಕೆಲಸ ಉಂಟು, ಬರುವುದಿಲ್ಲ ಎಂದರು. ಮಧ್ಯಾಹ್ನ ನಿನ್ನ ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಫೋಟೋ ನೋಡಿದೆ — ನೀವಿಬ್ಬರೂ ಎಡನೀರಿನಲ್ಲಿ. ಸೋಮವಾರ ಕೇಳಿದಾಗ ನೀನು ಮುಚ್ಚುಮರೆಯಿಲ್ಲದೆ ಹೇಳಿದೆ. "ನಾನು ಟೀಚರ್ ಹತ್ತಿರ ಕೇಳಿದೆ ಅಕ್ಕ, ಸುಜಾತಕ್ಕನನ್ನೂ ಕರೆಯುವ ಅಂತ. ಅವಳು ಏರು ಬಂದ್ರೆ ಇಳಿದು ತಳ್ತಾಳೆ, ಹೊತ್ತಾಗ್ತದೆ ಅಂದ್ರು." ನೀನು ನಗುತ್ತ ಹೇಳಿದೆ. ನಾನೂ ನಕ್ಕೆ. ಮಾತು ಸುಳ್ಳಲ್ಲ — ಏರು ಬಂದರೆ ನಾನು ಇಳಿಯುತ್ತಿದ್ದೆ. ಆದರೆ ನನಗೆ ಸುಳ್ಳು ಹೇಳಿ ಹೋದರಲ್ಲ... ಮೈದಾನದಲ್ಲಿ ಅವರ ಸೀಟು ಹಿಡಿದು ಹಿಂದಿನಿಂದ ಓಡಿದ್ದು ನಾನೇ ಅಲ್ಲವಾ... ಇಡೀ ದಿನ ಇದೇ ಯೋಚನೆ. ಒಂದೇ ರವಿಕೆಗೆ ಎರಡು ಸಲ ತೋಳು ತಿರುಗಿಸಿ ಹೊಲಿದು ಬಿಚ್ಚಿದೆ.

ಬುಧವಾರ ಹರೀಶನ ಮೊಬೈಲ್ ಅಂಗಡಿಗೆ ಹೋದೆ. ರೀಚಾರ್ಜಿನ ನೆಪ. ತಾಯಿಗೆ ಆಗಾಗ ತಲೆಸುತ್ತು ಬರುತ್ತದೆ, ರಸ್ತೆಯಲ್ಲಿ ಬಿದ್ದಿದ್ದರು, ಹಿಂದಿನಿಂದ ಬಸ್ಸು ಬಂದಿದ್ದರೆ ಕಷ್ಟ ಇತ್ತು ಎಂದೆ. ಆಗಾಗ ಎಂಬುದು ಸುಳ್ಳು, ಬಂದದ್ದು ಒಂದೇ ಸಲ. ನಾನು ಹೇಳಿದ್ದೆಂದು ಗೊತ್ತಾಗಬಾರದು ಎಂದು ಮಾತು ತೆಗೆದುಕೊಂಡೆ. ಅವನು ಕೈಮುಗಿದ. ಹೇಳಿದ್ದು ಒಳ್ಳೆಯದಾಯಿತು ಸುಜಾತಕ್ಕ ಎಂದ.

ಒಳ್ಳೆಯದಾಯಿತು! ಈ ಮಾತನ್ನು ವರ್ಷಗಟ್ಟಲೆ ಹೊದ್ದುಕೊಂಡು ಮಲಗಿದೆ, ಪ್ರತಿಮಾ. ಅವರ ಜೀವದ ಚಿಂತೆ ನನಗೆ ಇರಲೇ ಇಲ್ಲವೇ? ಇತ್ತೋ ಏನೋ. ಆದರೆ ಚಿಂತೆಯೇ ಆಗಿದ್ದರೆ ಅವರು ಬಿದ್ದ ದಿನವೇ ಹೇಳುತ್ತಿದ್ದೆ. ನಾಲ್ಕು ತಿಂಗಳು ಕಾದು, ಎಡನೀರಿನ ಫೋಟೋ ನೋಡಿದ ಮೂರನೆಯ ದಿನ...

ಹರೀಶ ಸೈಕಲ್ಲನ್ನು ಪಿಕಪ್ಪಿನಲ್ಲಿ ಹಾಕಿಸಿ ಉಪ್ಪಳದಲ್ಲಿರುವ ತಂಗಿಯ ಮನೆಗೆ ಕಳಿಸಿಬಿಟ್ಟ. ಮರುದಿನ ಲೀಲಕ್ಕ ನನ್ನ ಅಂಗಡಿಗೆ ಬಂದರು. ಕುರ್ಚಿ ಎಳೆದುಕೊಟ್ಟರೂ ಕೂರಲಿಲ್ಲ.

"ಸುಜಾತಾ, ಹರೀಶನಿಗೆ ನೀನಾ ಹೇಳಿದ್ದು?"

"ನಾನಲ್ಲ ಲೀಲಕ್ಕ."

ಅಲ್ಲಿಗೇ ನಿಂತಿದ್ದರೂ ಪಾಪ ಸ್ವಲ್ಪ ಕಡಿಮೆಯಿರುತ್ತಿತ್ತೇನೋ. ಅವರು ಎದುರಿನ ಮೆಡಿಕಲ್ಲಿನ ಕಡೆ ನೋಡಿದರು. ನೀನು ಯಾರಿಗೋ ಮಾತ್ರೆ ಎಣಿಸಿ ಕೊಡುತ್ತಿದ್ದೆ.

"ಮತ್ತೆ ಯಾರು? ಗೊತ್ತಿದ್ದದ್ದು ನಿಮಗಿಬ್ಬರಿಗೇ ಅಲ್ಲವಾ?"

"ಚಿಕ್ಕ ಹುಡುಗಿ. ಬಾಯಿ ನಿಲ್ಲುವುದಿಲ್ಲ," ಎಂದೆ.

ನಾಲ್ಕೇ ಶಬ್ದ. ಕೈಯಲ್ಲಿ ಕತ್ತರಿಯಿತ್ತು, ಬಟ್ಟೆ ಕತ್ತರಿಸುತ್ತಲೇ ಹೇಳಿದೆ. ಅವರ ಮುಖ ನೋಡಲಿಲ್ಲ.

ಉಳಿದದ್ದನ್ನು ನೀನು ಅನುಭವಿಸಿದ್ದೀ. ಟೀಚರ್ ಮದ್ದಿಗೆ ಬೇರೆ ಅಂಗಡಿಗೆ ಹೋಗತೊಡಗಿದರು, ನೀನು ಕಳಿಸಿದ ಲೂಡೋ ಕರೆಗೆ ಉತ್ತರ ಕೊಡಲಿಲ್ಲ. ಅವರು ಪೇಟೆಯಲ್ಲಿ ಯಾರಿಗೆ ಏನು ಹೇಳಿದರೋ, ನೀನಿರುವ ಮೆಡಿಕಲ್ಲಿನಿಂದ ಕಾಯಿಲೆಯ ಮಾತು ಹೊರಗೆ ಹೋಗುತ್ತದೆ ಎಂದು ಹೆಂಗಸರು ನನ್ನಲ್ಲಿ ಬಂದು ಹೇಳಿದರು. ನಾನು ಹೌದಾ ಎಂದೆ. ಅಂಗಡಿಯ ಯಜಮಾನರು ಏನೋ ಕಾರಣ ಹೇಳಿ ನಿನ್ನನ್ನು ಕೆಲಸದಿಂದ ಬಿಡಿಸಿದ ದಿನ, ನೀನು ನನ್ನಲ್ಲಿಗೇ ಬಂದೆ.

"ಟೀಚರ್ ನನ್ನ ಮುಖ ಸಹ ನೋಡುವುದಿಲ್ಲ ಅಕ್ಕ. ನಾನು ಎಂತ ಮಾಡಿದ್ದು?"

ಪ್ರಾಯವಾದವರು, ಹಾಗೆಯೇ, ಬಿಡು ಎಂದೆ. ನಿನ್ನ ತಲೆ ಸವರಿದೆ. ಸವರಿದೆ, ಪ್ರತಿಮಾ — ಈ ಕೈಯಿಂದ. ಎರಡು ವರ್ಷದ ಮೇಲೆ ನಿನ್ನ ಮದುವೆಯ ರವಿಕೆಯನ್ನೂ ಹೊಲಿದೆ. ನೀನು ಕಾಗದ ಕೊಟ್ಟು ಕರೆದರೂ ಟೀಚರ್ ಬರಲಿಲ್ಲ. ಊಟದ ಪಂಕ್ತಿಯಲ್ಲಿ ನೀನು ಬಾಗಿಲ ಕಡೆ ನೋಡುತ್ತಿದ್ದದ್ದನ್ನು ನಾನು ಎಲೆಯ ಮುಂದೆ ಕೂತು ನೋಡಿದೆ.

ಡಾಕ್ಟರು ಲೀಲಕ್ಕನನ್ನು ಪರೀಕ್ಷಿಸಿ, ರಕ್ತದೊತ್ತಡದ ಮಾತ್ರೆ ಬದಲಾಯಿಸಿ, ಸೈಕಲ್ ತುಳಿಯಲು ಅಡ್ಡಿಯಿಲ್ಲ ಎಂದಿದ್ದರಂತೆ. ಆದರೆ ಅವರು ಮತ್ತೆ ತುಳಿಯಲಿಲ್ಲ. ಯಾರ ಜತೆ ಹೋಗುವುದು ಎಂದು ಕೇಳಿದರಂತೆ. ನಾನಿದ್ದೆನಲ್ಲ. ನಾನೂ ಕರೆಯಲಿಲ್ಲ, ಅವರೊಡನೆ ಒಂದು ಮೈಲಿ ಹೋಗುವ ಮುಖ ನನಗಿರಲಿಲ್ಲ.

ಕಳೆದ ಶುಕ್ರವಾರ ಅವರ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ನೀನು ಅದರ ಹಿಂದಿನ ದಿನ ಮಗುವನ್ನು ಎತ್ತಿಕೊಂಡು ಅಂಗಡಿಗೆ ಬಂದವಳು, ಟೀಚರ್ ಸೌಖ್ಯವಾ ಎಂದು ಮೊದಲು ಕೇಳಿದೆಯಲ್ಲ, ಆಮೇಲೆ ನನಗೆ ಸುಮ್ಮನಿರಲು ಆಗಲಿಲ್ಲ. ಅವರು ಬೈಯುತ್ತಾರೆಂದುಕೊಂಡಿದ್ದೆ. ಸೈಕಲ್ಲಿನ ಮಾತೇ ಎತ್ತಲಿಲ್ಲ. ಎಡನೀರಿನದ್ದೂ ಇಲ್ಲ. "ಆ ಹುಡುಗಿಯ ಮದುವೆಗೆ ನಾನು ಹೋಗಲಿಲ್ಲ," ಎಂದರು. ಮತ್ತೆ ನನ್ನ ಕಡೆ ನೋಡಿ, "ನೀನು ಇನ್ನು ಈ ಕಡೆ ಬರಬೇಡ," ಎಂದರು. ಸ್ವರ ಏರಿಸಲಿಲ್ಲ.

ಮೆಟ್ಟಿಲು ಇಳಿಯುವಾಗ ಕರೆದು ನಿನ್ನ ನಂಬರ್ ಕೇಳಿದರು. ಬರೆದುಕೊಟ್ಟೆ. ಅವರು ಮಾತಾಡುವ ಮೊದಲು ನೀನು ಇದನ್ನು ನನ್ನಿಂದಲೇ ತಿಳಿಯಬೇಕು, ಅದಕ್ಕೆ ಬರೆಯುತ್ತಿದ್ದೇನೆ. ಕ್ಷಮಿಸು ಎಂದು ಕೇಳುವುದಿಲ್ಲ. ನಿನ್ನನ್ನು ಬಿಡಿಸಿದ ಯಜಮಾನರಲ್ಲಿಯೂ, ಹೌದಾ ಎಂದು ನಾನು ತಲೆಯಾಡಿಸಿದ ಆ ಹೆಂಗಸರಲ್ಲಿಯೂ ಒಬ್ಬೊಬ್ಬರಲ್ಲಿ ಹೋಗಿ ಹೇಳುತ್ತೇನೆ, ನಾಳೆಯಿಂದ.

ಟೀಚರ್ ಫೋನ್ ಮಾಡಿದರೆ ಎತ್ತು, ಪ್ರತಿಮಾ. ನನ್ನದನ್ನು ಎತ್ತಬೇಕೆಂದಿಲ್ಲ.