ಕೋರ್ಟು ಏಳುವ ತನಕ

ನಮ್ಮ ಚಿಕ್ಕಪ್ಪನಿಗೆ ಒಂದು ಚಟವಿತ್ತು. ಮ್ಯಾಜಿಸ್ಟ್ರೇಟರನ್ನು ಪಕ್ಕಪಕ್ಕ ನಿಲ್ಲಿಸಿ ಯಾರು ಮೆತ್ತಗೆ, ಯಾರು ಬಿಗಿ ಎಂದು ತೂಗುವುದು. ಅವರು ಅಮ್ಮನ ತಂಗಿಯ ಗಂಡ, ಶಿವಮೊಗ್ಗದಲ್ಲಿ ಒಬ್ಬ ವಕೀಲರ ಗುಮಾಸ್ತೆ. ಅರವತ್ತರ ದಶಕದ ಶುರುವಿನಲ್ಲಿ ನಾನು ಟೀಚರ್ ಟ್ರೈನಿಂಗ್‌ಗೆಂದು ದುರ್ಗಿಗುಡಿಯ ಅವರ ಮನೆಯಲ್ಲಿದ್ದೆ. ಸಂಜೆ ಕೋರ್ಟಿನಿಂದ ಬಂದು, ಕೈಕಾಲು ತೊಳೆದು, ಜಗಲಿಯ ಮೇಲೆ ಕಾಫಿ ಲೋಟ ಹಿಡಿದು ಕೂತರೆಂದರೆ ಅಕ್ಕಪಕ್ಕದವರೂ ಬಂದು ಸೇರುತ್ತಿದ್ದರು.

"ಒಂದೇ ಕಳ್ಳತನ ಮಾರಾಯ್ರೆ, ಒಂದೇ ಕೋಳಿ ಅಂತಿಟ್ಕೊಳಿ. ಭದ್ರಾವತೀಲಿ ಸಿಕ್ಕಿಬಿದ್ರೆ ಮೂರು ತಿಂಗಳು. ಇಲ್ಲಿ ನಮ್ಮ ಸಾಹೇಬರ ಮುಂದೆ ಸಿಕ್ಕಿಬಿದ್ರೆ ಕೋರ್ಟ್ ಏಳೋ ತನಕ. ಇನ್ನೊಬ್ರು ಇದಾರಲ್ಲ, ಅವರದ್ದು ಊಟಕ್ಕೆ ಮುಂಚೆ ಒಂದು ಶಿಕ್ಷೆ, ಊಟ ಆದ್ಮೇಲೆ ಇನ್ನೊಂದು" ಎಂದು ಅವರು ಹೇಳಿದರೆ ಜಗಲಿಯೆಲ್ಲ ನಗುತ್ತಿತ್ತು. ನಾನೂ ನಗುತ್ತಿದ್ದೆ.

ಕೋರ್ಟು ಏಳುವ ತನಕ ಎಂದರೆ ಅದೂ ಒಂದು ಶಿಕ್ಷೆಯೇ. ತಪ್ಪು ಒಪ್ಪಿಕೊಂಡವನು ಆ ದಿನ ಸಾಹೇಬರು ಕುರ್ಚಿ ಬಿಟ್ಟು ಏಳುವವರೆಗೆ ಕೋರ್ಟಿನೊಳಗೇ ಒಂದು ಮೂಲೆಯಲ್ಲಿ ಕೂತಿರಬೇಕು. ಅವರು ಎದ್ದರೆ ಇವನೂ ಎದ್ದು ಮನೆಗೆ ಹೋಗಬಹುದು. ವಕೀಲರ ಮಂದಿ ಇದನ್ನು ಶಿಕ್ಷೆಯೆಂದು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ಅವರ ಬಾಯಲ್ಲಿ ಅದರ ಹೆಸರು 'ಬಿಟ್ಟರು' ಎಂದೇ.

ಅಪ್ಪ ಭದ್ರಾವತಿಯಲ್ಲಿ ಫಿಟ್ಟರ್. ದೊಡ್ಡ ಕಾರ್ಖಾನೆಗಳಲ್ಲಲ್ಲ, ಊರಾಚೆ ಒಬ್ಬ ಸಾಹುಕಾರರು ನಡೆಸುತ್ತಿದ್ದ ಚಿಕ್ಕ ವರ್ಕ್‌ಶಾಪಿನಲ್ಲಿ. ನಮ್ಮ ಮನೆಯೂ ಅವರದೇ ಸಾಲುಮನೆಗಳಲ್ಲಿ ಒಂದು. ಅಪ್ಪ ಮಾತು ಕಡಿಮೆ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಕೂಡ ಬೈದು ಹೇಳಿದವರಲ್ಲ, ಕೈಯಿಂದ ಅರ ತೆಗೆದುಕೊಂಡು ತಾವೇ ಉಜ್ಜಿ ತೋರಿಸುವವರು.

ಒಂದು ಬೆಳಿಗ್ಗೆ ಅಮ್ಮ ಮೊದಲ ಬಸ್ಸಿಗೇ ದುರ್ಗಿಗುಡಿಗೆ ಬಂದಳು. ಬಾಗಿಲಲ್ಲೇ ಕುಸಿದು ಕೂತಳು. ಎರಡು ದಿನದ ಹಿಂದೆ ವರ್ಕ್‌ಶಾಪಿನ ಶೆಡ್ಡಿನಲ್ಲಿ, ಕದ್ದೊಯ್ಯಲೆಂದು ಗೋಣಿಚೀಲದಲ್ಲಿ ಸುತ್ತಿಟ್ಟಿದ್ದ, ಯಂತ್ರಕ್ಕೆ ಕೂರಿಸುವ ಹಿತ್ತಾಳೆ ಬುಷ್‌ಗಳು ಸಿಕ್ಕಿದ್ದವು. ಅದರ ಹಿಂದಿನ ಸಂಜೆ ಕೊನೆಗೆ ಹೊರಟವರು ಇಬ್ಬರು: ಅಪ್ಪ, ಮತ್ತು ಅವರ ಜೊತೆ ಕೆಲಸ ಮಾಡುತ್ತಿದ್ದ ಒಬ್ಬ ತಮಿಳಿನವರು. ಇಬ್ಬರನ್ನೂ ಪೊಲೀಸರು ಕರೆದುಕೊಂಡು ಹೋಗಿ, ಕೇಸು ಹಾಕಿ, ಜಾಮೀನಿನ ಮೇಲೆ ಬಿಟ್ಟಿದ್ದರು. ಸಾಹುಕಾರರು ಅಪ್ಪನಿಗೆ ಹೇಳಿದ್ದು ಇಷ್ಟೇ: "ಕೇಸಿಂದ ಚೊಕ್ಕವಾಗಿ ಹೊರಗೆ ಬಾ. ಕೆಲಸ ಇದೆ, ಮನೆನೂ ಇದೆ. ಇಲ್ಲ ಅಂದ್ರೆ ಎರಡೂ ಇಲ್ಲ."

ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಚಿಕ್ಕಪ್ಪನನ್ನು ಕೇಳಿದ ಮೊದಲ ಮಾತು, "ಎಷ್ಟು ಶಿಕ್ಷೆ ಆಗಬಹುದು?"

ಚಿಕ್ಕಪ್ಪ ಅಂಗಿಯ ಗುಂಡಿ ಹಾಕುತ್ತಲೇ ಯೋಚನೆಗೆ ಬಿದ್ದರು. ಅವರ ವಿದ್ಯೆಯೆಲ್ಲ ಒದಗಿಬರುವ ಹೊತ್ತು ಅದು. "ಅಲ್ಲಿಯ ಸಾಹೇಬರ ಮುಂದೆ ನಿಂತ್ರೆ ಜೈಲು, ಅದರಲ್ಲಿ ಎರಡು ಮಾತಿಲ್ಲ ಅಕ್ಕ. ಕೆಲಸದ ಜಾಗದಲ್ಲಿ ಕದ್ದೋರನ್ನ ಅವರು ಬಿಟ್ಟಿದ್ದು ನಾನು ಕೇಳಿಲ್ಲ. ಆದ್ರೆ ಮುಂದಿನ ತಿಂಗಳು ಅವರ ಮಗಳ ಮದುವೆ. ರಜೆ ಹಾಕ್ತಾರೆ. ಅವರ ಜಾಗಕ್ಕೆ ಇನ್‌ಚಾರ್ಜು ಯಾರು ಹೇಳಿ? ನಮ್ಮ ಶಿವಮೊಗ್ಗದ ಸಾಹೇಬರೇ. ಅಲ್ಲೀ ತನಕ ವಾಯಿದೆ ತಗೊಳ್ಳೋದು ನನಗೆ ಬಿಡಿ. ಅವರು ಕೂತ ದಿನ ಅಣ್ಣ ಹೋಗಿ ಒಪ್ಪಿಕೊಂಡ್ರೆ ಸಂಜೆ ಮನೇಲಿ ಊಟ ಮಾಡಬಹುದು."

ಅಮ್ಮ ಅವತ್ತು ಮೊದಲ ಸಲ ನೀರು ಕುಡಿದಳು. ನನಗೂ ಎದೆಯ ಮೇಲಿದ್ದ ಕಲ್ಲು ಇಳಿದಂತಾಯಿತು. ಬಂಧುಗಳಲ್ಲಿ ಕೋರ್ಟು ತಿಳಿದವರೊಬ್ಬರಿದ್ದರೆ ಎಷ್ಟು ಅನುಕೂಲ ಎಂದು ನಾವೆಲ್ಲ ಮಾತಾಡಿಕೊಂಡೆವು.

ಇದು ಮೋಸವೇನೂ ಆಗಿರಲಿಲ್ಲ. ಎಲ್ಲರೂ ಹಾಗೆಯೇ ಮಾಡುತ್ತಿದ್ದರು. ಬಿಗಿ ಸಾಹೇಬರು ರಜೆ ಹಾಕುತ್ತಾರೆಂದು ಗೊತ್ತಾದರೆ ಸಾಕು, ಎಲ್ಲ ವಕೀಲರಿಗೂ ಒಟ್ಟಿಗೆ ಜ್ವರ, ಎಲ್ಲ ಕಕ್ಷಿದಾರರಿಗೂ ಊರಲ್ಲಿ ಸಾವು. ವಾಯಿದೆಯ ಮೇಲೆ ವಾಯಿದೆ. ಇನ್‌ಚಾರ್ಜಿನ ದಿನ ಮಾತ್ರ ಕೋರ್ಟಿನ ಅಂಗಳದಲ್ಲಿ ನಿಲ್ಲಲು ಜಾಗವಿರುತ್ತಿರಲಿಲ್ಲ.

ಚಿಕ್ಕಪ್ಪ ಆ ತಮಿಳಿನವರಿಗೂ ಇದೇ ಬುದ್ಧಿ ಹೇಳಲು ಹೋದರು. ಅವರು ಬೀಡಿ ಆರಿಸಿ, "ನಾನು ತಗೊಂಡಿಲ್ಲ ಸಾರ್. ಜೈಲ್ ಆದ್ರೆ ಆಗ್ಲಿ, ತಗೊಂಡೆ ಅಂತ ಹೇಳಲ್ಲ" ಎಂದರಂತೆ. ಚಿಕ್ಕಪ್ಪ ಮನೆಗೆ ಬಂದು ತಲೆ ಚಚ್ಚಿಕೊಂಡರು. "ಬಾವಿ ತೋರಿಸಿದ್ರೂ ಹೋಗಿ ಬೀಳ್ತೀನಿ ಅನ್ನೋನಿಗೆ ಯಾರೇನು ಮಾಡೋಕಾಗತ್ತೆ" ಎಂದರು. ಆ ಮನುಷ್ಯನ ಹೆಂಡತಿ ಮಕ್ಕಳ ಗತಿಯೇನು ಎಂದು ಅಮ್ಮ ಮರುಗಿದಳು.

ಆ ದಿನ ನಾನೂ ಭದ್ರಾವತಿ ಕೋರ್ಟಿಗೆ ಹೋಗಿದ್ದೆ. ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದರು. ಶಿವಮೊಗ್ಗದ ಸಾಹೇಬರು ನಿಜಕ್ಕೂ ಸೌಮ್ಯ ಮುಖದವರು. ಕಾಗದದಿಂದ ತಲೆ ಎತ್ತಿ, "ತಪ್ಪು ಒಪ್ಪಿಕೊಳ್ಳುತ್ತೀಯೇನಪ್ಪ?" ಎಂದು ಕೇಳಿದರು. ಅಪ್ಪ ಬಾಯಿ ತೆರೆದರು, ಮುಚ್ಚಿದರು. ಹಿಂದೆ ನಿಂತಿದ್ದ ಚಿಕ್ಕಪ್ಪ ಸಣ್ಣಗೆ ಕೆಮ್ಮಿದರು. ಅಪ್ಪ, "ಒಪ್ಪಿಕೊಳ್ತೀನಿ ಸ್ವಾಮಿ" ಎಂದರು. ಮೊದಲ ತಪ್ಪು, ಸಂಸಾರಸ್ಥ, ಮಾಲು ಪೂರ್ತಿ ಸಿಕ್ಕಿದೆ ಎಂದು ಚಿಕ್ಕಪ್ಪನ ವಕೀಲರು ನಾಲ್ಕು ಮಾತು ಹೇಳಿದರು. ಕೋರ್ಟು ಏಳುವ ತನಕ ಎಂದು ತೀರ್ಮಾನವಾಯಿತು. ಚಿಕ್ಕಪ್ಪ ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದರು.

ಮಿಕ್ಕ ಹೊತ್ತೆಲ್ಲ ಅಪ್ಪ ಗೋಡೆಯ ಪಕ್ಕ ನೆಲದ ಮೇಲೆ ಕೂತಿದ್ದರು. ಒಬ್ಬ ಜೂಜುಕೋರ, ಜಾತ್ರೆಯಲ್ಲಿ ಜೇಬು ಕತ್ತರಿಸಿದ ಇಬ್ಬರು, ಅವರ ಜೊತೆಗೆ ನಮ್ಮಪ್ಪ. ಬಂದು ಹೋಗುವವರೆಲ್ಲ ಒಮ್ಮೆ ಅತ್ತ ನೋಡಿಯೇ ಹೋಗುತ್ತಿದ್ದರು. ಸಾಲುಮನೆಯ ಪರಿಚಯದವರೊಬ್ಬರು ಬೇರೇನೋ ಕೆಲಸಕ್ಕೆ ಬಂದವರು ಅಪ್ಪನನ್ನು ಕಂಡು ಗಾಬರಿಯಾಗಿ, ಕಾಣದವರಂತೆ ಮುಖ ತಿರುಗಿಸಿದರು. ಅಪ್ಪ ತಮ್ಮ ಕೈಗಳನ್ನು ನೋಡಿಕೊಳ್ಳುತ್ತ ಕೂತಿದ್ದರು. ನಾನು ವರಾಂಡದಲ್ಲಿ ನಿಂತು, ಆಯಿತು, ಇನ್ನೇನು ಮುಗಿಯಿತು ಎಂದುಕೊಳ್ಳುತ್ತಿದ್ದೆ.

ಸಂಜೆ ಮನೆಯಲ್ಲಿ ಅಮ್ಮ ಪಾಯಸ ಮಾಡಿದ್ದಳು. ಅಪ್ಪ ಒಂದು ಚಮಚ ತಿಂದು ಲೋಟ ಕೆಳಗಿಟ್ಟರು.

ಮಾರನೆಯ ದಿನ ಅಪ್ಪ ಕೆಲಸಕ್ಕೆ ಹೋದರು, ಅರ್ಧ ಗಂಟೆಯಲ್ಲಿ ವಾಪಸು ಬಂದರು. ಸಾಹುಕಾರರು ಕೂಗಾಡಲಿಲ್ಲವಂತೆ. "ಕದ್ದೆ ಅಂತ ನೀನೇ ಕೋರ್ಟಲ್ಲಿ ಹೇಳಿದ ಮೇಲೆ ನಾನೇನು ಹೇಳಲಿ? ಹದಿನೈದು ದಿನದಲ್ಲಿ ಮನೆ ಖಾಲಿ ಮಾಡು" ಎಂದರಂತೆ. ಚಿಕ್ಕಪ್ಪ ಅವರ ಬಳಿ ಹೋಗಿ, ಅದು ಹೆಸರಿಗೆ ಮಾತ್ರ ಶಿಕ್ಷೆ, ಅದನ್ನು ಯಾರೂ ಶಿಕ್ಷೆ ಅನ್ನೋದಿಲ್ಲ ಎಂದು ಬಹಳ ಹೊತ್ತು ವಾದಿಸಿದರು. ಸಾಹುಕಾರರಿಗೆ ಕೋರ್ಟಿನ ಲೆಕ್ಕ ಬೇಕಿರಲಿಲ್ಲ. ಕಳ್ಳನೋ ಅಲ್ಲವೋ, ಅಷ್ಟೇ ಅವರಿಗೆ ಬೇಕಾಗಿದ್ದದ್ದು.

ನಾವು ಸಾಮಾನು ಕಟ್ಟಿಕೊಂಡು ಶಿವಮೊಗ್ಗಕ್ಕೆ ಬಂದೆವು. ಕಳ್ಳತನ ಒಪ್ಪಿಕೊಂಡ ಫಿಟ್ಟರ್‌ಗೆ ಯಾರೂ ಕೆಲಸ ಕೊಡಲಿಲ್ಲ. ಅಪ್ಪ ಒಂದು ಸೈಕಲ್ ಅಂಗಡಿಯಲ್ಲಿ ಪಂಕ್ಚರ್ ಹಾಕತೊಡಗಿದರು. ಲೇತಿನ ಮುಂದೆ ನಿಂತವರು ಟ್ಯೂಬಿನ ಗುಳ್ಳೆ ನೋಡುತ್ತ ಕುಕ್ಕುರುಗಾಲಲ್ಲಿ ಕೂತಿರುತ್ತಿದ್ದರು. ಟ್ರೈನಿಂಗ್ ಸ್ಕೂಲಿಗೆ ಆ ರಸ್ತೆ ಬಿಟ್ಟು ಸುತ್ತಿಕೊಂಡು ಹೋಗುತ್ತಿದ್ದೆ.

ತಮಿಳಿನವರ ಕೇಸು ಮದುವೆ ಮುಗಿಸಿ ಬಂದ ಬಿಗಿ ಸಾಹೇಬರ ಮುಂದೆ ನಡೆಯಿತು. ಅವರು ಸಾಕ್ಷಿಗಳನ್ನು ಒಬ್ಬೊಬ್ಬರನ್ನಾಗಿ ನಿಲ್ಲಿಸಿ ಕೇಳಿದರಂತೆ: ಚೀಲ ಯಾರದು, ಇಟ್ಟಿದ್ದನ್ನು ಯಾರು ನೋಡಿದರು, ಶೆಡ್ಡಿಗೆ ಬೀಗ ಇತ್ತೇ? ಬೀಗ ಇರಲಿಲ್ಲ. ಇಟ್ಟಿದ್ದನ್ನು ಯಾರೂ ನೋಡಿರಲಿಲ್ಲ. ಯಾರು ಬೇಕಾದರೂ ಬಂದು ಹೋಗುವ ಜಾಗದಲ್ಲಿ ಸಿಕ್ಕಿದ ಚೀಲಕ್ಕೆ ಒಬ್ಬನನ್ನು ಹೊಣೆ ಮಾಡಲಾಗದೆಂದು ಅವರನ್ನು ಬಿಡುಗಡೆ ಮಾಡಿದರು. ಅವರು ಮತ್ತೆ ಅದೇ ವರ್ಕ್‌ಶಾಪಿಗೆ ಹೋದರು.

ಸುದ್ದಿ ತಂದ ದಿನ ಚಿಕ್ಕಪ್ಪ ಜಗಲಿಯ ಮೇಲೆ ಕೂರಲಿಲ್ಲ. ನನಗೆ ಅವರ ಮೇಲೆ ಸಿಟ್ಟು ನೆತ್ತಿಗೇರಿತ್ತು. ಆಮೇಲೆ ಯೋಚಿಸಿದರೆ ಅವರು ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ. ಒಬ್ಬರು ಜೈಲಿಗೆ ಕಳಿಸುತ್ತಿದ್ದರು, ಇನ್ನೊಬ್ಬರು ಮನೆಗೆ ಕಳಿಸುತ್ತಿದ್ದರು, ಅದು ನಿಜವೇ. ಆದರೆ ಶಿಕ್ಷೆಯಾದವರ ಕತೆ ಮಾತ್ರ ಜಗಲಿಗೆ ಬರುತ್ತಿತ್ತು. ಬಿಗಿ ಸಾಹೇಬರು ಎಷ್ಟು ಜನರನ್ನು ಕೇಳಿ, ನೋಡಿ, ತಪ್ಪಿಲ್ಲವೆಂದು ಕಳಿಸಿದ್ದರೋ, ಅವರ ವಿಷಯ ಮಾತಾಡಲು ಯಾರಿಗೆ ಪುರುಸೊತ್ತಿತ್ತು? ಅವರಷ್ಟಕ್ಕೆ ಅವರು ಊಟ ಮಾಡಿ ಮಲಗಿರುತ್ತಾರೆ. ನಾವು ತೂಗಿದ್ದು ತಕ್ಕಡಿಯ ಒಂದು ತಟ್ಟೆಯನ್ನು ಮಾತ್ರ.

ಎಷ್ಟೋ ದಿನದ ಮೇಲೆ, ಒಂದು ಭಾನುವಾರ ಮಧ್ಯಾಹ್ನ, ಅಪ್ಪ ಸೀಮೆಎಣ್ಣೆಯಲ್ಲಿ ಕೈ ಉಜ್ಜಿಕೊಳ್ಳುತ್ತಿದ್ದರು. ನಾನು ನೀರು ಹೊಯ್ಯುತ್ತ, ತಡೆಯಲಾರದೆ, "ಚಿಕ್ಕಪ್ಪ ನಿಮ್ಮನ್ನ ಹಾಳು ಮಾಡಿದ್ರು" ಎಂದೆ.

"ಅವನನ್ನ ಯಾಕೆ ಬೈತೀಯ" ಎಂದರು ಅಪ್ಪ. "ಒಳ್ಳೇದಾಗ್ಲಿ ಅಂತಲೇ ಓಡಾಡಿದ."

"ಮತ್ತೆ ಯಾಕೆ ಒಪ್ಪಿಕೊಂಡ್ರಿ?"

ಅವರು ಉಗುರಿನ ಸಂದಿಯ ಮಸಿ ತೆಗೆಯುತ್ತಲೇ ಇದ್ದರು. "ಎಷ್ಟು ಶಿಕ್ಷೆ ಆಗಬಹುದು ಅಂತ ಎಲ್ಲರೂ ಕೇಳಿದ್ರಮ್ಮ. ಒಪ್ಪಿಕೊಳ್ತೀಯಾ ಅಂತ ಸಾಹೇಬರು ಕೇಳಿದ್ರು. ಮಾಡಿದೀಯಾ ಅಂತ ಒಬ್ರೂ ಕೇಳ್ಲಿಲ್ಲ. ನಿಮ್ಮಮ್ಮನೂ ಕೇಳ್ಲಿಲ್ಲ. ಮನೇಲೇ ಯಾರೂ ಕೇಳ್ದೆ ಇದ್ದಾಗ, ಇಲ್ಲ ಅಂತ ಯಾರಿಗೆ ಹೇಳೋದು ಅನ್ನಿಸ್ತು."

ನಾನು ಚೊಂಬು ಕೆಳಗಿಟ್ಟೆ. ಕೇಳಲು ನಾಚಿಕೆಯಾಗುತ್ತಿತ್ತು, ಕೇಳದಿದ್ದರೆ ಇನ್ನೂ ನಾಚಿಕೆಗೇಡು ಎನಿಸಿತು.

"ಮಾಡಿದ್ರಾ ಅಪ್ಪ?" ಎಂದೆ.

ಅಪ್ಪ ತಲೆಯೆತ್ತಿ ನನ್ನ ಮುಖ ನೋಡಿದರು. "ಇಲ್ಲಮ್ಮ" ಎಂದರು. ಆಮೇಲೆ ಇನ್ನೊಂದು ಸಲ, ಯಾರೋ ಬರೆದುಕೊಳ್ಳಲಿ ಎಂಬಂತೆ ನಿಧಾನವಾಗಿ, "ಇಲ್ಲ" ಎಂದರು.